ನೆಲಮಾಳಿಗೆಯ ಕೀಲಿಕೈ

"ಇನ್ನೂ ಬಿಗಿಯಾಗಿ ಕಟ್ಟು ಅತ್ತಿಗೆ. ಗಂಡ ಅಂತ ಕನಿಕರ ಬೇಡ," ಎಂದ ಬುಲ್ಚು.

ಎತೆಲ್ಕಾ ಗೆರ್ಗೆಯ್‌ನ ಕಣ್ಣಿಗೆ ಕಟ್ಟಿದ ಬಟ್ಟೆಯನ್ನು ಬಿಗಿದಳು.

ಸಿಹಿ ವೈನಿಗೆ ಹೆಸರಾದ ತೊಕಾಯ್ ಸೀಮೆಯ ಆ ಹಳ್ಳಿಯಲ್ಲಿ ಎಲ್ಲರ ವೈನೂ ಒಂದೇ ನೆಲಮಾಳಿಗೆಯಲ್ಲಿ ಪಕ್ವವಾಗುತ್ತದೆ. ಅದರ ಕೀಲಿಕೈ ಇಟ್ಟುಕೊಂಡವನು ಪ್ರತಿ ವಸಂತದಲ್ಲೂ ಕಣ್ಣು ಕಟ್ಟಿಸಿಕೊಂಡು ಸಿಹಿ ಬಿಳಿ ವೈನುಗಳನ್ನು ಗುರುತಿಸಬೇಕು. ಜರ್ಮನಿಯದು ಯಾವುದು, ಫ್ರಾನ್ಸಿನದು ಯಾವುದು, ತಮ್ಮೂರಿನದು ಯಾವುದು. ತಮ್ಮೂರಿನದರ ಗುಣವನ್ನೂ ಹೇಳಬೇಕು. ಇಷ್ಟು ವರ್ಷ ಕೀಲಿಕೈ ಗೆರ್ಗೆಯ್‌ನದು; ತಪ್ಪಿದರೆ ಅವನ ತಮ್ಮ ಬುಲ್ಚುವಿಗೆ.

ಚಳಿಗಾಲದ ಜ್ವರ ಗೆರ್ಗೆಯ್‌ನ ಮೂಗನ್ನು ಕೊಂದುಹಾಕಿತ್ತು. ಈರುಳ್ಳಿ ಸೀದರೂ ತಿಳಿಯುತ್ತಿರಲಿಲ್ಲ. ಅದು ಗಂಡಹೆಂಡಿರಿಗೆ ಮಾತ್ರ ಗೊತ್ತಿದ್ದ ಗುಟ್ಟು. ಉಳಿದದ್ದು ನಾಲಿಗೆಯೊಂದೇ. ಈ ಕೀಲಿಕೈಯೂ ಹೋದರೆ ಅವನು ಹಾಸಿಗೆ ಬಿಟ್ಟು ಏಳುವುದಿಲ್ಲವೆಂದು ಎತೆಲ್ಕಾಗೆ ಭಯ.

"ನೀನು ಬಾಗಿಲ ಹತ್ತಿರ ನಿಲ್ಲು. ಕಿವಿಯಲ್ಲಿ ಏನಾದ್ರೂ ಉಸುರೀಯೆ," ಎಂದ ಬುಲ್ಚು.

ಮೊದಲ ಗ್ಲಾಸು. "ಹಗುರ. ಗಂಟಲು ಸುಡಲ್ಲ. ಜರ್ಮನಿಯದು."

"ಕುರುಡು ಕೋಳಿಗೂ ಒಂದು ಕಾಳು ಸಿಗುತ್ತೆ."

ಎರಡನೆಯದನ್ನು ಗೆರ್ಗೆಯ್ ಬಾಯಲ್ಲೇ ಹೊರಳಿಸಿದ. "ಮಂದ. ಹುಳಿ ಕಮ್ಮಿ, ಒಳಗೆ ಬೆಂಕಿ. ಫ್ರಾನ್ಸಿನದು."

"ಸರಿ. ಉಳಿದದ್ದು ನಮ್ಮದು ಅಂತ ಹಾಲು ಕುಡಿಯೋ ಮಗುವೂ ಹೇಳುತ್ತೆ. ಹೇಗಿದೆ, ಅದನ್ನ ಹೇಳು."

ಬುಲ್ಚು ಹೊಸ ಬಾಟಲಿಯ ಬಿರಡೆ ಕಿತ್ತು ಎಲ್ಲರಿಗೂ ಸುರಿದ. ತನ್ನ ಗ್ಲಾಸನ್ನು ಮೂಗಿನ ಬಳಿಗೆ ಒಯ್ದವನ ಕೈ ಅಲ್ಲೇ ನಿಂತಿತು. ಪಂಚರಾಗಿ ಕುಳಿತಿದ್ದ ಹಿರಿಯರಿಬ್ಬರೂ ಅವನ ಮುಖ ನೋಡಿದರು. ಅವನು ಏನೋ ಹೇಳಹೊರಟ. ಅಷ್ಟರಲ್ಲಿ ಗೆರ್ಗೆಯ್ ಗುಟುಕರಿಸಿಬಿಟ್ಟಿದ್ದ.

ಅವನ ಮುಖ ಅರಳಿತು. "ಜೇನಿನಂಥ ಸಿಹಿ, ಅದನ್ನ ಹಿಡಿದು ನಿಲ್ಲಿಸೋ ಹುಳಿ. ದೊರೆ ಮುಂದೆ ಇಟ್ರೂ ನಾಚಿಕೆ ಪಡಬೇಕಾಗಿಲ್ಲ!"

ಎತೆಲ್ಕಾ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು.

"ನೀವೇನಂತೀರಿ?" ಬುಲ್ಚು ಹಿರಿಯರನ್ನು ಕೇಳಿದ.

ಒಬ್ಬರು ಗಟಗಟನೆ ಕುಡಿದು ಗ್ಲಾಸು ಕೆಳಗಿಟ್ಟರು. "ಅವನು ಹೇಳಿದ ಹಾಗೇ ಇದೆ." ಇನ್ನೊಬ್ಬರೂ ಕುಡಿದು ತಲೆಯಾಡಿಸಿದರು. ಬುಲ್ಚುವೂ ತನ್ನದನ್ನು ತಳದವರೆಗೆ ಕುಡಿದ. ಆಮೇಲೆ ಕೀಲಿಕೈಯನ್ನು ಗೆರ್ಗೆಯ್‌ನ ಅಂಗೈಯಲ್ಲಿಟ್ಟ.

"ತಗೋ ಅಣ್ಣ. ಇನ್ನೊಂದು ವರ್ಷ ನಿನ್ನ ಕಾಟ ತಪ್ಪಲಿಲ್ಲ."

ಎತೆಲ್ಕಾ ಓಡಿಬಂದು ಕಣ್ಣಿನ ಕಟ್ಟು ಬಿಚ್ಚಿದಳು. ಗೆರ್ಗೆಯ್ ಮಗುವಿನಂತೆ ನಗುತ್ತಿದ್ದ. ಅವನು ಉಳಿಸಿದ್ದ ಗುಟುಕನ್ನು ತಾನೂ ಕುಡಿಯಲೆಂದು ಗ್ಲಾಸನ್ನೆತ್ತಿದಳು.

ಗಪ್ಪೆಂದು ಹೊಡೆಯಿತು, ಕೊಳೆತ ಬಿರಡೆಯ ನಾತ. ನೆನೆದ ರಟ್ಟಿನ ಹಾಗೆ. ಮೂಗಿದ್ದ ಯಾರಿಗೂ ತಿಳಿಯದೆ ಇರುವಂಥದ್ದಲ್ಲ.

ಬುಲ್ಚು ಅವಳ ಕೈಯಿಂದ ಗ್ಲಾಸನ್ನು ಮೆಲ್ಲಗೆ ತೆಗೆದುಕೊಂಡು ಪಿಸುಗುಟ್ಟಿದ: "ನಾಳೆಯಿಂದ ಮೂಸಿ ನೋಡೋಕೆ ನೀನೂ ಅವನ ಜೊತೆ ಬಂದುಬಿಡು ಅತ್ತಿಗೆ."