ಜಾಡಿ ಮುಟ್ಟುವ ಶಾಸ್ತ್ರ

ಗಾಜಿನ ಜಾಡಿಯಲ್ಲಿ ವಿದ್ಯುತ್ತನ್ನು ತುಂಬಿಡಬಹುದೆಂದು ಗೊತ್ತಾದ ಮೇಲೆ ಆ ಸೀಮೆಯಲ್ಲಿ ನಿಶ್ಚಿತಾರ್ಥಕ್ಕೆ ಉಂಗುರ ತರುವುದು ನಿಂತೇಹೋಗಿತ್ತು. ಎರಡೂ ಮನೆಯವರು ಕೈ ಕೈ ಹಿಡಿದು ಸುತ್ತ ಕೂರಬೇಕು. ಮೊದಲಿನವರು ಜಾಡಿ ಹಿಡಿದಿರುವಾಗ ಕೊನೆಯವರು ಅದರ ಹಿತ್ತಾಳೆ ಗುಂಡು ಮುಟ್ಟಬೇಕು. ಎಲ್ಲರಿಗೂ ಒಟ್ಟಿಗೆ ಹೊಡೆದರೆ ಸಂಬಂಧ ಕೂಡಿದಂತೆ. ನಡುವೆ ಒಬ್ಬರು ಕೈ ಬಿಟ್ಟರೂ ಯಾರಿಗೂ ಹೊಡೆಯದು, ಮದುವೆ ಅಲ್ಲಿಗೆ ನಿಂತಿತು.

ಮಂದಾಕಿನಿಗೆ ಈ ಮದುವೆ ಬೇಡವಾಗಿತ್ತು. ಬಾಯಿಬಿಟ್ಟು ಹೇಳುವ ಧೈರ್ಯವಿರಲಿಲ್ಲ. "ಒಪ್ಕೊಳೇ, ಒಪ್ಕೊಳೇ" ಎಂದು ಮೂರು ತಿಂಗಳಿಂದ ಅಮ್ಮ ಬೆನ್ನುಹತ್ತಿದ್ದಳು. ಕೊನೆಗೆ ಸದ್ದಿಲ್ಲದೆ ಕೈ ಬಿಟ್ಟುಬಿಡೋಣ ಎಂದುಕೊಂಡು ಬಂದರೆ, ಈ ಕಡೆ ಹುಡುಗ ಉಮಾಪತಿ, ಆ ಕಡೆ ಅವನ ಸೋದರತ್ತೆ, ಇಬ್ಬರೂ ಇಕ್ಕಳದ ಹಾಗೆ ಹಿಡಿದುಬಿಟ್ಟಿದ್ದರು.

"ಹುಡುಗಿ ಕೈ ಬೆವರ್ತಿದೆ ಕಣೋ," ಅತ್ತೆ ನಕ್ಕರು. "ಒದ್ದೆ ಕೈಗೆ ಜೋರಾಗೇ ಹೊಡೆಯತ್ತೆ!"

ಮಂದಾಕಿನಿಯ ಚಿಕ್ಕಪ್ಪ ಗುಂಡು ಮುಟ್ಟಿದರು. ಅವಳು ಕಣ್ಣು ಮುಚ್ಚಿಕೊಂಡಳು. ಏನೂ ಆಗಲಿಲ್ಲ.

"ಖಾಲಿ ಜಾಡಿ ತಂದ್ರೇನ್ರೀ?" ಯಾರೋ ರೇಗಿದರು. ಜಾಡಿ ತಂದವನು ತಂತಿ ತಾಗಿಸಿ ತೋರಿಸಿದ. ಪಟಾರನೆ ಕಿಡಿ ಹಾರಿತು.

"ಹಾಗಾದ್ರೆ ಕೈ ಬಿಟ್ಟೋರು ಯಾರು?"

ಎಲ್ಲರೂ ಮಂದಾಕಿನಿಯತ್ತ ತಿರುಗಿದರು. "ಇವಳ ಕೈ ನಮ್ಮ ಕೈಲೇ ಇದೆಯಲ್ಲ," ಎಂದರು ಅತ್ತೆ, ಗಾಬರಿಯಿಂದ.

ಸುತ್ತಿನ ಎದುರು ಬದಿಯಲ್ಲಿ ಅಮ್ಮನ ಎರಡೂ ಕೈ ಮಡಿಲಲ್ಲಿದ್ದವು. ಅದನ್ನು ಮೊದಲು ಕಂಡವಳು ಮಂದಾಕಿನಿ.

"ನಾನೇ ಬಿಟ್ಟೆ," ಎಂದಳು ಅಮ್ಮ, ತಲೆ ಎತ್ತದೆ. "ಅವಳ ಮುಖ ಈಗಷ್ಟೇ ಸರಿಯಾಗಿ ನೋಡ್ದೆ ಕಣ್ರೀ."