ಹುಲಿ ಹೊಡೆದ ಕೋವಿ

ಅಜ್ಜ ಹುಲಿ ಹೊಡೆದ ಕೋವಿಯಿಂದ ಮಂದಣ್ಣನಿಗೆ ಒಂದು ತೆಂಗಿನಕಾಯಿ ಹೊಡೆಯಲಾಗುತ್ತಿರಲಿಲ್ಲ. ಕೋವಿಗೆ ಪೂಜೆ ಮಾಡಿ ಕಾಯಿಗೆ ಗುರಿಯಿಡುವ ಕೈಲ್ ಮುಹೂರ್ತ ಹಬ್ಬ ಬಂದಾಗಲೆಲ್ಲ ಮನೆ ಮುಂದಿನ ಮರದ ತುದಿಗೆ ಕಟ್ಟಿದ ಕಾಯಿ ಅವನನ್ನು ನೋಡಿ ನಗುತ್ತಿತ್ತು. ಸತ್ತ ಹುಲಿಯ ಮೇಲೆ ಕಾಲಿಟ್ಟು ನಿಂತ ಅಜ್ಜ, ಗೋಡೆಯ ಫೋಟೋದಿಂದ ದುರುಗುಟ್ಟುತ್ತಿದ್ದ. ಈ ಸಲವೂ ಗುರಿ ತಪ್ಪಿದರೆ ಕೋವಿ ತಮ್ಮನ ಪಾಲಿಗೆ ಎಂದು ಮನೆಯವರು ಹೇಳಿಬಿಟ್ಟಿದ್ದರು.

ಮೊದಲ ಗುಂಡು ಗಾಳಿಗೆ ಹೋಯಿತು. ಹೆಂಡತಿ ದೇಚಮ್ಮ ತಡೆದಳು.

"ರೀ, ಎರಡೂ ಕಣ್ಣು ಬಿಟ್ಕೊಂಡು ಕಾಯಿಗೆ ಬೆರಳು ತೋರಿಸಿ. ಹಾಂ, ಈಗ ಎಡಗಣ್ಣು ಮುಚ್ಚಿ."

"ಅಯ್ಯೋ, ಬೆರಳು ಪಕ್ಕದ ಮರಕ್ಕೆ ಹೋಯ್ತಲ್ಲೇ!"

"ಹಾಗಾದ್ರೆ ನಿಮ್ಮಲ್ಲಿ ಗುರಿ ಹಿಡಿಯೋದು ಎಡಗಣ್ಣು. ಕೋವೀನ ಎಡ ಹೆಗಲಿಗೆ ಇಡಿ."

ಇಟ್ಟ. ಇಷ್ಟು ವರ್ಷ ಕೆನ್ನೆಗೆ ಗುದ್ದುತ್ತಿದ್ದ ಮರದ ಹಿಡಿ ಈಗ ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. ಢಂ! ಕಾಯಿ ಚೂರುಚೂರಾಯಿತು.

ತಮ್ಮ ಕೋವಿ ಇಸಿದುಕೊಂಡು ತಿರುಗಿಸಿ ನೋಡಿದ. "ಅಣ್ಣ, ಇದರ ಹಿಡೀನೇ ಎಡಕ್ಕೆ ಬಾಗಿದೆ. ಎಡಗೈಯವರಿಗೆ ಅಂತಲೇ ಮಾಡಿಸಿದ ಕೋವಿ ಇದು."

"ನಮ್ಮಜ್ಜ ಬಲಗೈಯವರಲ್ವಾ?"

ಎಲ್ಲರೂ ಜಗಲಿಯತ್ತ ತಿರುಗಿದರು. ಅಲ್ಲಿ ಅಜ್ಜಿ ಎಡಗೈಯಿಂದ ವೀಳ್ಯದೆಲೆಗೆ ಸುಣ್ಣ ಸವರುತ್ತ ಕೂತಿದ್ದಳು.

"ಅಜ್ಜಿ, ಆ ಹುಲಿ ಹೊಡೆದದ್ದು ಅಜ್ಜ ತಾನೇ?"

"ಫೋಟೋಕ್ಕೆ ನಿಂತದ್ದು ಅವರೇ ಮಗ," ಎಂದಳು ಅಜ್ಜಿ. "ಹುಲಿ ಸತ್ತಿದೆ, ಇಳೀರಿ ಅಂತ ನಾನು ಕೂಗಿದ ಮೇಲೆ ಮರದಿಂದ ಇಳಿದು ಬಂದ್ರು."