ಹಿಮದ ಮೇಲಿನ ಗೀರು

ಸ್ಕೀ ಕಲಿಸುವ ಮಾಚಯ್ಯ ಇಳಿಯಲು ನಿಂತರೆ ಹಿಮಾಲಯವೇ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿತ್ತು. "ನಾನು ಹೋದ್ರೆ ಹಿಮದ ಮೇಲೆ ಗೀರೂ ಬೀಳಲ್ಲ" ಎನ್ನುತ್ತಿದ್ದರು.

ಅಂದು ಅವರ ಶಿಷ್ಯೆ ಕಸ್ತೂರಿಗೆ ಕಡೆಯ ಪರೀಕ್ಷೆ. ಫೇಲಾದರೆ ತರಬೇತುದಾರಳ ಕೆಲಸ ಕೈತಪ್ಪಿದಂತೆಯೇ. "ನೋಡ್ಕೊಂಡು ಹಿಂದೆ ಬಾ" ಎಂದು ಮಾಚಯ್ಯ ಗಿಡ್ಡ, ಸಪೂರ ಸ್ಕೀ ತೊಟ್ಟು ಮೊದಲು ಇಳಿದರು. ಅಷ್ಟರಲ್ಲಿ ಮಂಜು ಕವಿಯಿತು.

ಕೆಳಗೆ ಕಾದರೆ ಅವಳ ಸುಳಿವಿಲ್ಲ. ಎಲ್ಲೋ ಬಿದ್ದಿದ್ದಾಳೆಂದು, ಹಿಮದ ಮೇಲಿದ್ದ ಒಂದೇ ಗೀರು ನೋಡುತ್ತಾ, ಕೂಗಿ ಬೈಯುತ್ತಾ ಹತ್ತಿದರು.

"ಪುಡಿ ಹಿಮದಲ್ಲಿ ಹಿಂದಕ್ಕೆ ವಾಲಿ ಹೂತಿದ್ದೀಯ! ಗಟ್ಟಿ ಹಿಮದಲ್ಲಿ ಸ್ಕೀ ಅಂಚು ಕಚ್ಚಿಸದೆ ಜಾರಿದ್ದೀಯ! ಸ್ಕೀ ಗುರುತಾ ಇದು, ಎಮ್ಮೆ ಜಾರಿದ ಗುರುತಾ? ಫೇಲ್!"

ಇಳಿಜಾರಿನ ತುದಿಯ ಮಂಜಿನೊಳಗಿಂದ ಕಸ್ತೂರಿಯ ದನಿ ಬಂತು:

"ಮಂಜು ಸರೀಲಿ ಅಂತ ನಿಂತೀನ್ರೀ ಸರ್ರ, ನಾ ಇನ್ನೂ ಇಳದ ಇಲ್ಲ."